ಕಾಲು ಒತ್ತಿದವನೆಲ್ಲ ಡ್ರೈವರ್ ಅಲ್ಲ!

ಮಿತ್ರರೇ, ಈ ವಾರದ ಅಂಚೆಯಲ್ಲಿ ಬಂದಿರೋದು ಪ್ರಶ್ನೆಯಲ್ಲ, ಒಂದು ಜಗಳ!

ದಾವಣಗೆರೆಯ ಇಬ್ಬರು ಗೆಳೆಯರು. ಒಂದೇ ಕಾಗದ, ಎರಡು ಕೈಬರಹ. ಮೇಲಿನ ಅರ್ಧ ಬರೆದವರು 2025ರಲ್ಲಿ ತೆರೆಕಂಡ ಬ್ರಾಡ್ ಪಿಟ್‌ನ ‘ಎಫ್1’ ಚಿತ್ರವನ್ನು ಮೂರು ಸಲ ನೋಡಿದ ಭೂಪ. “ಫಾರ್ಮುಲಾ ಒನ್ ಡ್ರೈವರೇ ಡ್ರೈವರು, ಮಿಕ್ಕವರೆಲ್ಲ ಕ್ಲೀನರ್‌ಗಳು” ಅನ್ನೋದು ಅವರ ವಾದ. ಕೆಳಗಿನ ಅರ್ಧದವರು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ರ‍್ಯಾಲಿ ನೋಡಿ ಮೈತುಂಬ ಕೆಂಪು ಧೂಳು ಹೊತ್ತು ಮನೆಗೆ ಬಂದವರು. “ಸಾರ್, ನುಣುಪಾದ ರಸ್ತೇಲಿ ಯಾರು ಬೇಕಾದ್ರೂ ಓಡಿಸ್ತಾರೆ. ಗುಂಡಿ, ಕೆಸರು, ಪಕ್ಕದಲ್ಲಿ ಪ್ರಪಾತ ಇರೋ ಕಡೆ ಓಡಿಸಿ ತೋರಿಸ್ಲಿ” ಅನ್ನೋದು ಇವರ ಸವಾಲು. ಸೋತವರು ಗೆದ್ದವರಿಗೆ ಬೆಣ್ಣೆ ದೋಸೆ ಕೊಡಿಸಬೇಕಂತೆ. ತೀರ್ಪು ಮಾತ್ರ ನಾನು ಕೊಡಬೇಕಂತೆ!

ಆಗಲಿ, ಕೊಡೋಣ. ಆದರೆ ಎರಡೇ ಪಾರ್ಟಿ ಸಾಲದು. ಕಾರು ರೇಸು ಅನ್ನೋದು ನಾಲ್ಕು ಬಾಗಿಲ ಮನೆ. ಫಾರ್ಮುಲಾ ಒನ್ ಒಂದು ಬಾಗಿಲು, ರ‍್ಯಾಲಿ ಇನ್ನೊಂದು. ಅಮೆರಿಕದವರ ಓವಲ್ ರೇಸು ಮೂರನೆಯದು, ಇಪ್ಪತ್ನಾಲ್ಕು ಗಂಟೆ ಓಡಿಸೋ ಲೆ ಮಾನ್ಸ್ ನಾಲ್ಕನೆಯದು. ನಾಲ್ಕೂ ಬಾಗಿಲಲ್ಲಿ ಇಣುಕಿ ಬರೋಣ ಬನ್ನಿ.

ಗೋಡೆ ಪಕ್ಕದ ಗೆರೆ

ಫಾರ್ಮುಲಾ ಒನ್‌ನಲ್ಲಿ ರಸ್ತೆ ಬದಲಾಗೋದಿಲ್ಲ. ಮೊನಾಕೊ ಊರಿನ ಬೀದಿ ಸುತ್ತು 3.337 ಕಿಲೋಮೀಟರು. ಅದನ್ನೇ 78 ಸಲ ಸುತ್ತಬೇಕು. “ಇದರಲ್ಲೇನಿದೆ, ಗಾಣದ ಎತ್ತೂ ಸುತ್ತುತ್ತೆ” ಅಂತೀರಾ? ಸ್ವಲ್ಪ ತಡೀರಿ. ಆ 78 ಸುತ್ತಲ್ಲೂ ಪ್ರತಿ ತಿರುವನ್ನು ಅದೇ ಗೆರೆ ಹಿಡಿದು, ಅದೇ ಜಾಗದಲ್ಲಿ ಬ್ರೇಕ್ ಒತ್ತಿ, ಗೋಡೆಗೂ ಚಕ್ರಕ್ಕೂ ನಡುವೆ ಅಂಗೈಯಗಲ ಬಿಟ್ಟು ದಾಟಬೇಕು. ಒಂದು ಸಲ ತಪ್ಪಿದರೆ ಕಥೆ ಮುಗೀತು.

ವೇಗಕ್ಕಿಂತ ಇಲ್ಲಿ ಬ್ರೇಕಿನದ್ದೇ ದೊಡ್ಡ ಕಥೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಬಂದು ಬ್ರೇಕ್ ತುಳಿದಾಗ ಮೈಮೇಲೆ ಬೀಳೋ ಒತ್ತಡ ದೇಹದ ತೂಕದ ಸುಮಾರು ಐದರಷ್ಟು. ಹೆಲ್ಮೆಟ್ ಸೇರಿ ತಲೆ ಏಳು ಕಿಲೋ ಅಂದುಕೊಳ್ಳಿ. ಆ ಗಳಿಗೆಯಲ್ಲಿ ಕತ್ತಿಗೆ 35 ಕಿಲೋ ಭಾರ! ಫಾರ್ಮುಲಾ ಒನ್ ಡ್ರೈವರುಗಳು ಪೈಲ್ವಾನರ ಹಾಗೆ ಕತ್ತು ಬೆಳೆಸೋದು ಫೋಟೋಕ್ಕಲ್ಲ ಸ್ವಾಮಿ, ಕೆಲಸಕ್ಕೆ.

ಈ ವಿದ್ಯೆಯ ತುದಿ ನೋಡಬೇಕಾದರೆ 1988ರ ಮೊನಾಕೊಗೆ ಹೋಗಬೇಕು. ಬ್ರೆಜಿಲ್‌ನ ಅಯರ್ಟನ್ ಸೆನ್ನಾ, ಫ್ರಾನ್ಸಿನ ಅಲೈನ್ ಪ್ರಾಸ್ಟ್ ಇಬ್ಬರೂ ಒಂದೇ ತಂಡದವರು, ಒಂದೇ ಮಾದರಿಯ ಮೆಕ್ಲಾರೆನ್ ಕಾರು. ಪ್ರಾಸ್ಟ್ ಆಗಲೇ ಎರಡು ಸಲ ವಿಶ್ವ ಚಾಂಪಿಯನ್. ರೇಸಿಗೆ ಮುಂಚಿನ ಅರ್ಹತಾ ಸುತ್ತಿನಲ್ಲಿ ಸೆನ್ನಾ ಅವನಿಗಿಂತ 1.4 ಸೆಕೆಂಡಿಗೂ ಹೆಚ್ಚು ಬೇಗ! ಸೆಕೆಂಡಿನ ಸಾವಿರದ ಒಂದು ಪಾಲಿಗೆ ಕಿತ್ತಾಡೋ ಲೋಕದಲ್ಲಿ ಇದು ಸಿಡಿಲು ಹೊಡೆದ ಹಾಗೆ.

ಮಾರನೇ ದಿನ ಏನಾಯ್ತು? ಸೆನ್ನಾ ಎಲ್ಲರನ್ನೂ ಬಹಳ ಹಿಂದೆ ಬಿಟ್ಟು ಹೊರಟಿದ್ದ. ಇನ್ನು ಅವಸರ ಬೇಡ, ನಿಧಾನ ಮಾಡು ಅಂತ ತಂಡದಿಂದ ಸೂಚನೆ ಬಂತು. ನಿಧಾನ ಮಾಡಿದ, ಮನಸ್ಸಿನ ಬಿಗಿ ಸಡಿಲಾಯ್ತು, 67ನೇ ಸುತ್ತಿನಲ್ಲಿ ತಡೆಗೋಡೆಗೆ ಗುದ್ದಿದ. ಗೆದ್ದವನು ಪ್ರಾಸ್ಟ್. ಫಾರ್ಮುಲಾ ಒನ್ ವಿದ್ಯೆ ಅಂದರೆ ಇದೇ. ಕೈಕಾಲಿಗಿಂತ ಮನಸ್ಸು ಬಿಗಿಯಾಗಿರಬೇಕು, ಅದೂ ಕೊನೇ ಗಳಿಗೆಯವರೆಗೆ.

ಕಿವಿಯಿಂದ ಓಡಿಸುವವರು

ರ‍್ಯಾಲಿ ಡ್ರೈವರನ ದಾರಿಯೇ ಬೇರೆ. ಅವನ ಮುಂದೆ ಬೇರೆ ಕಾರಿಲ್ಲ, ಹಿಂದೆ ಅಟ್ಟಿಸಿಕೊಂಡು ಬರೋನೂ ಇಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ಬಿಡ್ತಾರೆ, ಗಡಿಯಾರವೇ ಎದುರಾಳಿ. ಮಣ್ಣು, ಹಿಮ, ಜಲ್ಲಿ, ಟಾರು ಏನೇ ಇರಲಿ, ಓಡಿಸಬೇಕು. ಮುಂದಿನ ತಿರುವು ಕಣ್ಣಿಗೆ ಕಾಣೋ ಹೊತ್ತಿಗೆ ತಡವಾಗಿರುತ್ತೆ. ಹಾಗಾದರೆ ಹೇಗೆ ತಿರುಗಿಸ್ತಾನೆ? ಕಿವಿಯಿಂದ!

ಪಕ್ಕದಲ್ಲಿ ಸಹಚಾಲಕ ಕೂತಿರ್ತಾನೆ. ರೇಸಿಗೆ ಮೊದಲು ಇಬ್ಬರೂ ನಿಧಾನವಾಗಿ ಆ ದಾರಿಯಲ್ಲಿ ಹೋಗಿ ಪ್ರತಿ ತಿರುವಿಗೂ ಒಂದು ಅಂಕಿ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡಿರ್ತಾರೆ. ರೇಸಿನ ದಿನ ಅವನು ಓದ್ತಾ ಹೋಗ್ತಾನೆ: “ಎಡ ನಾಲ್ಕು, ಏರು, ನೂರು ಮೀಟರು, ಬಲ ಎರಡು, ಒಳಗಡೆ ಕಲ್ಲು.” ಡ್ರೈವರು ಕಾಣದ ರಸ್ತೆಯನ್ನು ನಂಬಿ ಸ್ಟೀರಿಂಗ್ ತಿರುಗಿಸ್ತಾನೆ. ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಡ್ರೈವರು ಕಂಡಕ್ಟರನ “ರೈಟ್ ರೈಟ್... ಹೋಲ್ಡಾನ್” ನಂಬ್ತಾನಲ್ಲ, ಅದೇ ನಂಬಿಕೆಯನ್ನು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಊಹಿಸಿಕೊಳ್ಳಿ!

ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್. ಒಂಬತ್ತೂ ಸಲ ಪಕ್ಕದಲ್ಲಿದ್ದವನು ಒಬ್ಬನೇ, ಡೇನಿಯಲ್ ಎಲೆನಾ. ಹೆಸರು ಲೋಬ್‌ದು, ಆದರೆ ದನಿ ಎಲೆನಾದು. ನಮ್ಮ ಕಡೆಗೂ ಈ ಮಾತು ಸಲ್ಲುತ್ತೆ. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅನೇಕ ರ‍್ಯಾಲಿಗಳಲ್ಲಿ ಅವರ ಪಕ್ಕ ಕೂತು ದಾರಿ ಓದಿದ ಮೂಸಾ ಶರೀಫ್ ನಮ್ಮ ಕಾಸರಗೋಡಿನ ಕಡೆಯವರು. ಪೋಸ್ಟರಿನಲ್ಲಿ ಹೀರೋ ಮುಖ ಮಾತ್ರ ಇರುತ್ತೆ, ಹಿನ್ನೆಲೆ ಗಾಯಕನ ಮುಖ ಇರಲ್ಲ. ಹಾಗೇ ಇದು!

ಭಾರತೀಯ ರಕ್ತದ ಇನ್ನೊಂದು ದೊಡ್ಡ ಹೆಸರು ಶೇಖರ್ ಮೆಹ್ತಾ. ಉಗಾಂಡದಲ್ಲಿ ಹುಟ್ಟಿದವರು. ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿ ಆ ಕಾಲದಲ್ಲಿ ಸಾವಿರಾರು ಕಿಲೋಮೀಟರಿನ ದಾರಿ. ಒಂದು ಕಡೆ ಮೊಣಕಾಲುದ್ದ ಕೆಸರು, ಇನ್ನೊಂದು ಕಡೆ ಕಣ್ಣು ಮುಚ್ಚೋ ಧೂಳು, ನಡುವೆ ಕಾಡುಪ್ರಾಣಿಗಳು. ಅದನ್ನು ಮೆಹ್ತಾ ಐದು ಸಲ ಗೆದ್ದರು: 1973ರಲ್ಲಿ ಒಮ್ಮೆ, ಆಮೇಲೆ 1979ರಿಂದ 1982ರವರೆಗೆ ಸತತ ನಾಲ್ಕು. 1973ರಲ್ಲಂತೂ ಎರಡು ಕಾರುಗಳ ದಂಡದ ಅಂಕ ಸಮಸಮವಾಗಿತ್ತು. ಹೆಚ್ಚು ದೂರದವರೆಗೆ ದಂಡವಿಲ್ಲದೆ ಬಂದವರು ಮೆಹ್ತಾ, ಆದ್ದರಿಂದ ಗೆಲುವು ಅವರಿಗೆ. ಅಲ್ಲಿ ಗೆಲ್ಲಿಸಿದ್ದು ವೇಗವಲ್ಲ, ಕಾರನ್ನು ಮುರಿಯದೆ ತಂದ ಜಾಣತನ.

ಎಡಕ್ಕೆ ಮಾತ್ರ ತಿರುಗೋ ರೇಸು

ಇನ್ನು ಅಮೆರಿಕದ ಓವಲ್. “ಬರೀ ಎಡಕ್ಕೆ ತಿರುಗೋದು, ಅದೂ ಒಂದು ರೇಸಾ?” ಅಂತ ನಗೋರೇ ಹೆಚ್ಚು. ನಗಬೇಡಿ. ಡೇಟೋನಾ ಪಥದ ಒಂದು ಸುತ್ತು 4 ಕಿಲೋಮೀಟರು. ತಿರುವುಗಳಲ್ಲಿ ರಸ್ತೆ 31 ಡಿಗ್ರಿ ಓರೆ, ನಮ್ಮ ಹೆಂಚಿನ ಮನೆಯ ಮಾಡಿನ ಹಾಗೆ. ಅದರ ಮೇಲೆ ನಲವತ್ತು ಕಾರು, ಬಂಪರಿಗೆ ಬಂಪರು ತಾಗಿಸಿಕೊಂಡು, ಗಂಟೆಗೆ 300 ಕಿಲೋಮೀಟರ್ ಆಸುಪಾಸಿನಲ್ಲಿ! ಜಾತ್ರೆಯಲ್ಲಿ ತೇರಿನ ಮುಂದೆ ನೂಕುನುಗ್ಗಲು ಇರುತ್ತಲ್ಲ, ಅದರೊಳಗೆ ಎಲ್ಲರೂ ಓಡ್ತಾ ಇದ್ದರೆ ಹೇಗಿರುತ್ತೆ? ಹಾಗೆ.

ಇಲ್ಲಿ ಗಾಳಿಯೇ ಗುರು. ಮುಂದಿನ ಕಾರು ಗಾಳಿಯನ್ನು ಸೀಳುತ್ತೆ, ಅದರ ಬೆನ್ನಿಗೆ ಅಂಟಿಕೊಂಡವನಿಗೆ ಗಾಳಿಯ ತಡೆ ಕಡಿಮೆ. ಇಬ್ಬರು ಅಂಟಿಕೊಂಡರೆ ಒಂಟಿ ಕಾರಿಗಿಂತ ಬೇಗ ಹೋಗ್ತಾರೆ. ಆದ್ದರಿಂದ ಶತ್ರುವನ್ನೇ ಸ್ನೇಹಿತನಾಗಿ ಮಾಡ್ಕೋಬೇಕು, ಕೊನೇ ಸುತ್ತಿನಲ್ಲಿ ಕೈಬಿಡಬೇಕು. ಪಕ್ಕಾ ರಾಜಕೀಯ!

1976ರ ಡೇಟೋನಾ 500 ರೇಸಿನ ಕ್ಲೈಮ್ಯಾಕ್ಸನ್ನು ಯಾವ ನಿರ್ದೇಶಕನೂ ಬರೆಯಲಾರ. ಕೊನೇ ಸುತ್ತು, ಕೊನೇ ತಿರುವು. ರಿಚರ್ಡ್ ಪೆಟ್ಟಿ, ಡೇವಿಡ್ ಪಿಯರ್ಸನ್ ಇಬ್ಬರ ಕಾರೂ ತಾಗಿ, ಗೋಡೆಗೆ ಬಡಿದು, ಗಿರಗಿರ ಸುತ್ತಿದವು. ಗೆಲುವಿನ ಗೆರೆ ಕಣ್ಣೆದುರು! ಪೆಟ್ಟಿಯ ಇಂಜಿನ್ ಗೆರೆಯ ಹತ್ತಿರವೇ ನಿಂತುಹೋಯ್ತು. ಪಿಯರ್ಸನ್ ಕಾರು ಸುತ್ತುತ್ತಿರುವಾಗಲೇ ಕ್ಲಚ್ ಒತ್ತಿ ಹಿಡಿದು ಇಂಜಿನ್ ಸಾಯದ ಹಾಗೆ ಕಾಪಾಡಿದ್ದ. ಮೂತಿ ಜಜ್ಜಿದ ಕಾರನ್ನು ತೆವಳಿಸಿಕೊಂಡು ಗೆರೆ ದಾಟಿದ, ಗೆದ್ದ. 500 ಮೈಲಿ ಜಗತ್ತಿನ ವೇಗದಲ್ಲಿ ಓಡಿದ ರೇಸನ್ನು ಕೊನೆಗೆ ಎತ್ತಿನ ಗಾಡಿಯ ವೇಗದಲ್ಲಿ ಗೆದ್ದ! ತಲೆ ತಿರುಗುವಾಗಲೂ ತಲೆ ಕೆಡದಿರೋದು, ಅದು ಅವನ ವಿದ್ಯೆ.

ರಾತ್ರಿಯಿಡೀ ಆಟ

ನಾಲ್ಕನೇ ಬಾಗಿಲು ಫ್ರಾನ್ಸಿನ ಲೆ ಮಾನ್ಸ್. ಕರಾವಳಿಯವರಿಗೆ ಥಟ್ಟನೆ ಅರ್ಥವಾಗುತ್ತೆ: ರಾತ್ರಿಯಿಡೀ ನಡೆಯೋ ಯಕ್ಷಗಾನ ಬಯಲಾಟದ ಹಾಗೆ ಇದು. ಒಬ್ಬನೇ ಕುಣಿದರೆ ಬೆಳಗಾಗಲ್ಲ, ಮೇಳವೇ ಬೇಕು. ಸುಮಾರು 13.6 ಕಿಲೋಮೀಟರಿನ ಸುತ್ತು, 24 ಗಂಟೆ ಓಟ. ಈಗ ಒಂದು ಕಾರಿಗೆ ಮೂವರು ಡ್ರೈವರುಗಳು, ಸರದಿಯ ಮೇಲೆ ಕೂರ್ತಾರೆ. ಅದೇ ರಸ್ತೆಯಲ್ಲಿ ಅತಿ ವೇಗದ ಕಾರೂ ಉಂಟು, ನಿಧಾನದ ವರ್ಗದ ಕಾರೂ ಉಂಟು. ಕತ್ತಲಲ್ಲಿ, ಕೆಲವೊಮ್ಮೆ ಮಳೆಯಲ್ಲಿ, ನಿಧಾನದವರನ್ನು ನೂರಾರು ಸಲ ದಾಟಬೇಕು. ಒಂದೊಂದು ದಾಟುವಿಕೆಯೂ ಒಂದೊಂದು ಗಂಡಾಂತರ. ಇಲ್ಲಿ ಗೆಲ್ಲೋನು ಜಂಬಗಾರನಲ್ಲ, ಮುಂದಿನವನಿಗೆ ಕಾರನ್ನು ಕೊಂಕಿಲ್ಲದೆ ಒಪ್ಪಿಸೋನು. ಡೆನ್ಮಾರ್ಕಿನ ಟಾಮ್ ಕ್ರಿಸ್ಟೆನ್ಸನ್ ಇದನ್ನು ಒಂಬತ್ತು ಸಲ ಗೆದ್ದ.

ಸಿನಿಮಾ ಹೀರೋಗಳು ನಿಜವಾಗಿ ಮೀಸೆ ತಿರುವಿದ್ದೂ ಈ ಬಾಗಿಲಲ್ಲೇ! 1971ರ ‘ಲೆ ಮಾನ್ಸ್’ ಚಿತ್ರದ ನಾಯಕ ಸ್ಟೀವ್ ಮೆಕ್‌ಕ್ವೀನ್ 1970ರಲ್ಲಿ ಅಮೆರಿಕದ ಸೆಬ್ರಿಂಗ್ 12 ಗಂಟೆ ರೇಸಿನಲ್ಲಿ ಎರಡನೇ ಸ್ಥಾನ ಪಡೆದ. ಬೈಕಿನಿಂದ ಬಿದ್ದು ಎಡಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಓಡಿಸಿದ! ಹೆಚ್ಚು ಹೊತ್ತು ಓಡಿಸಿದವನು ಜೊತೆಗಾರ ಪೀಟರ್ ರೆವ್ಸನ್, ಅದನ್ನೂ ಹೇಳಿಬಿಡೋಣ. ಪಾಲ್ ನ್ಯೂಮನ್ 1979ರಲ್ಲಿ, 54ನೇ ವಯಸ್ಸಿನಲ್ಲಿ, ಲೆ ಮಾನ್ಸ್‌ನಲ್ಲೇ ಎರಡನೆಯವನಾದ ತಂಡದಲ್ಲಿದ್ದ. ನಮ್ಮ ಪಕ್ಕದ ತಮಿಳು ಚಿತ್ರರಂಗದ ಅಜಿತ್ ಕುಮಾರ್ ಅವರ ತಂಡ 2025ರ ಜನವರಿಯಲ್ಲಿ ದುಬೈ 24 ಗಂಟೆ ರೇಸಿನಲ್ಲಿ ತನ್ನ ವರ್ಗದಲ್ಲಿ ಮೂರನೇ ಸ್ಥಾನ ಗಳಿಸಿತು. ಅದಕ್ಕೆ ಕೆಲವೇ ದಿನ ಮುಂಚೆ ಅಭ್ಯಾಸದಲ್ಲಿ ಅವರ ಕಾರು ಗೋಡೆಗೆ ಗುದ್ದಿತ್ತು. ಅದರೊಳಗಿಂದ ಅವರು ನಡೆದುಕೊಂಡೇ ಹೊರಬಂದರು. ಹೇಗೆ? ಬೆಲ್ಟು, ಹೆಲ್ಮೆಟ್ಟು, ಕಾರಿನೊಳಗಿನ ಉಕ್ಕಿನ ಪಂಜರ. ಡ್ಯೂಪ್ ಅಲ್ಲ!

ಬೇಲಿ ಹಾರಿದವರು

ಈಗ ಜಗಳ ಬಗೆಹರಿಸೋ ದಾರಿ. ಒಂದು ಬಾಗಿಲ ಶೂರ ಇನ್ನೊಂದು ಬಾಗಿಲಿಗೆ ಹೋದಾಗ ಏನಾಯ್ತು? ಅದನ್ನು ನೋಡಿದರೆ ಸಾಕು.

ಫಿನ್ಲೆಂಡಿನ ಕಿಮಿ ರೈಕ್ಕೊನೆನ್ 2007ರ ಫಾರ್ಮುಲಾ ಒನ್ ಚಾಂಪಿಯನ್. 2010, 2011ರಲ್ಲಿ ವಿಶ್ವ ರ‍್ಯಾಲಿಗೆ ಹೋದ. ಅಲ್ಲಿ ಸಿಕ್ಕ ಅತ್ಯುತ್ತಮ ಸ್ಥಾನ ಐದನೆಯದು. ಕಣ್ಣು ನಂಬಿ ಬೆಳೆದವನು ಕಿವಿ ನಂಬೋದು ಅಷ್ಟು ಸುಲಭವಲ್ಲ. 2012ರಲ್ಲಿ ಫಾರ್ಮುಲಾ ಒನ್‌ಗೆ ವಾಪಸು ಬಂದು ಅದೇ ವರ್ಷ ಅಬುಧಾಬಿಯಲ್ಲಿ ಗೆದ್ದ! ಡ್ರೈವರು ಅವನೇ, ರಸ್ತೆ ಬೇರೆ.

ಕೊಲಂಬಿಯದ ಹುವಾನ್ ಪಾಬ್ಲೊ ಮೊಂಟೊಯಾ 2003ರ ಮೊನಾಕೊ ರೇಸು ಗೆದ್ದವನು. ಅಮೆರಿಕದ ನಾಸ್ಕಾರ್ ಸ್ಟಾಕ್ ಕಾರಿಗೆ ಹೋಗಿ ಅಲ್ಲಿನ ಅಗ್ರ ಸರಣಿಯಲ್ಲಿ ಎರಡು ರೇಸು ಗೆದ್ದ. ಎರಡೂ ಎಡಬಲ ತಿರುಗೋ ರಸ್ತೆಯ ರೇಸುಗಳು. ಆ ಭಾರದ ಕಾರಿನಲ್ಲಿ, ಓವಲ್ ನೂಕುನುಗ್ಗಲಲ್ಲಿ ಒಂದೂ ಗೆಲುವು ಸಿಗಲಿಲ್ಲ. ಈಗ ಯಾರು ನಗ್ತೀರಿ ಎಡಕ್ಕೆ ತಿರುಗೋರನ್ನು?

ರ‍್ಯಾಲಿ ರಾಜ ಲೋಬ್ 2006ರಲ್ಲಿ ಲೆ ಮಾನ್ಸ್‌ಗೆ ಹೋದ, ಅವನ ತಂಡ ಎರಡನೆಯದಾಯ್ತು. ಚಿಕ್ಕಮಗಳೂರಿನ ಧೂಳಿನ ಮಿತ್ರರು ಇಲ್ಲಿ ಶಿಳ್ಳೆ ಹೊಡೀಬಹುದು. ಆದರೆ ಬೆಣ್ಣೆ ದೋಸೆಗೆ ಇನ್ನೂ ಆರ್ಡರ್ ಮಾಡಬೇಡಿ. ಇಟಲಿಯಿಂದ ಅಮೆರಿಕಕ್ಕೆ ಹೋದ ಮಾರಿಯೊ ಆಂಡ್ರೆಟ್ಟಿ ಇದ್ದಾನೆ. 1967ರಲ್ಲಿ ಡೇಟೋನಾ 500, 1969ರಲ್ಲಿ ಇಂಡಿಯಾನಾಪೊಲಿಸ್ 500, 1978ರಲ್ಲಿ ಫಾರ್ಮುಲಾ ಒನ್ ವಿಶ್ವ ಪಟ್ಟ. ಈ ಮೂರನ್ನೂ ಗೆದ್ದವನು ಅವನೊಬ್ಬನೇ. ಸೆಬ್ರಿಂಗ್‌ನಲ್ಲಿ ಮೆಕ್‌ಕ್ವೀನನ ಕಾರನ್ನು ಕೊನೇ ಗಳಿಗೆಯಲ್ಲಿ ಎರಡನೇ ಸ್ಥಾನಕ್ಕೆ ತಳ್ಳಿದವನೂ ಅವನೇ!

ಪೋಲೆಂಡಿನ ರಾಬರ್ಟ್ ಕುಬಿಟ್ಸಾ ಕಥೆಯಂತೂ ಸಿನಿಮಾದವರು ಕದ್ದುಬಿಡಬೇಕು. 2008ರಲ್ಲಿ ಕೆನಡಾದ ಫಾರ್ಮುಲಾ ಒನ್ ಗೆದ್ದ ಹುಡುಗ. 2011ರ ಫೆಬ್ರವರಿಯಲ್ಲಿ ಇಟಲಿಯ ಒಂದು ಸಣ್ಣ ರ‍್ಯಾಲಿಯಲ್ಲಿ ರಸ್ತೆಬದಿಯ ಕಬ್ಬಿಣದ ತಡೆ ಕಾರನ್ನೇ ತೂರಿಕೊಂಡು ಒಳಬಂತು. ಬಲಗೈ ಅರ್ಧ ಕತ್ತರಿಸಿಹೋಯ್ತು. ಆ ಕೈ ಮೊದಲಿನ ಹಾಗೆ ಆಗಲೇ ಇಲ್ಲ. ಆದರೂ 2013ರಲ್ಲಿ ರ‍್ಯಾಲಿಯ ಎರಡನೇ ದರ್ಜೆಯ ವಿಶ್ವ ಪಟ್ಟ ಗೆದ್ದ, 2019ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದ, 2025ರ ಜೂನ್‌ನಲ್ಲಿ ಫೆರಾರಿಯಲ್ಲಿ ಲೆ ಮಾನ್ಸ್ ಗೆದ್ದ ಮೂವರಲ್ಲಿ ಒಬ್ಬನಾದ. ಹದಿನಾಲ್ಕು ವರ್ಷ! ನಮ್ಮ ಚಿತ್ರಗಳಲ್ಲಿ ಹೀರೋ ಒಂದು ಹಾಡಿನಲ್ಲಿ ಎದ್ದು ಬರ್ತಾನೆ, ಇವನಿಗೆ ಹದಿನಾಲ್ಕು ವರ್ಷ ಬೇಕಾಯ್ತು.

ನನ್ನ ತೀರ್ಪು

ನಾಲ್ಕೂ ಬಾಗಿಲಲ್ಲಿ ವಿದ್ಯೆ ಬೇರೆ ಬೇರೆ. ಆದರೆ ದೊಡ್ಡವರನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ಗುಣ ಮಾತ್ರ ಎಲ್ಲರಲ್ಲೂ ಇದೆ. ಯಾವಾಗ ಕಾಲು ತೆಗೀಬೇಕು ಅಂತ ಗೊತ್ತಿರೋದು.

ನಿಕಿ ಲೌಡಾನನ್ನು 2013ರ ‘ರಷ್’ ಚಿತ್ರದಲ್ಲಿ ನೋಡಿದ್ದೀರಿ. 1976ರ ಆಗಸ್ಟ್ 1ರಂದು ಜರ್ಮನಿಯಲ್ಲಿ ಕಾರಿನ ಬೆಂಕಿಯಲ್ಲಿ ಬೆಂದ. ಆರು ವಾರದಲ್ಲಿ, ಗಾಯ ಮಾಯುವ ಮೊದಲೇ, ಇಟಲಿಯಲ್ಲಿ ಮತ್ತೆ ಕಾರು ಹತ್ತಿ ನಾಲ್ಕನೆಯವನಾದ. ಎಲ್ಲರೂ ಚಪ್ಪಾಳೆ ಹೊಡೆದದ್ದು ಇದಕ್ಕೆ. ನಾನು ಚಪ್ಪಾಳೆ ಹೊಡೆಯೋದು ಆಮೇಲಿನದಕ್ಕೆ. ಅದೇ ಅಕ್ಟೋಬರಿನಲ್ಲಿ ಜಪಾನಿನ ಕೊನೇ ರೇಸು, ಕಣ್ಣು ಕಾಣದ ಮಳೆ. ಎರಡು ಸುತ್ತು ಓಡಿಸಿ, ಇದು ಸಾವಿನ ಆಟ ಅಂತ ಕಾರು ನಿಲ್ಲಿಸಿ ಇಳಿದುಬಿಟ್ಟ! ವಿಶ್ವ ಪಟ್ಟ ಒಂದೇ ಒಂದು ಅಂಕದಿಂದ ಜೇಮ್ಸ್ ಹಂಟ್ ಪಾಲಾಯ್ತು. ಹೇಡಿಯೇ? ಮುಂದಿನ ವರ್ಷವೇ ಪಟ್ಟ ವಾಪಸು ತಂದ, 1984ರಲ್ಲಿ ಇನ್ನೊಂದು ಗೆದ್ದ. ಸತ್ತಿದ್ದರೆ ಗೆಲ್ತಿದ್ದನಾ?

ಆದರೂ ಒಬ್ಬನನ್ನೇ ಆರಿಸು ಅಂದರೆ ನನ್ನ ಓಟು ಬೆಲ್ಜಿಯಂನ ಜಾಕಿ ಇಕ್ಸ್‌ಗೆ. ಫಾರ್ಮುಲಾ ಒನ್‌ನಲ್ಲಿ ಎಂಟು ಗೆಲುವು, ಲೆ ಮಾನ್ಸ್‌ನಲ್ಲಿ ಆರು, 1983ರಲ್ಲಿ ಮರುಭೂಮಿಯ ಪ್ಯಾರಿಸ್-ಡಕಾರ್ ರ‍್ಯಾಲಿ. ಆ ರ‍್ಯಾಲಿಯಲ್ಲಿ ಪಕ್ಕ ಕೂತಿದ್ದವನು ಯಾರು ಗೊತ್ತೇ? ಫ್ರೆಂಚ್ ಸಿನಿಮಾ ನಟ ಕ್ಲಾಡ್ ಬ್ರಾಸರ್! ಆದರೆ ನನ್ನ ಓಟು ಇದಕ್ಕಲ್ಲ, 1969ರ ಲೆ ಮಾನ್ಸ್‌ಗೆ.

ಆಗ ಅಲ್ಲಿ ಒಂದು ಪದ್ಧತಿ. ಡ್ರೈವರುಗಳು ರಸ್ತೆಯ ಆಚೆ ಬದಿ ನಿಲ್ಲಬೇಕು, ಬಾವುಟ ಬೀಸಿದ ಕೂಡಲೇ ಓಡಿಹೋಗಿ ಕಾರು ಹತ್ತಿ ಹೊರಡಬೇಕು. ನೋಡೋರಿಗೆ ಮಜಾ. ಆದರೆ ಅವಸರದಲ್ಲಿ ಬೆಲ್ಟು ಸರಿಯಾಗಿ ಕಟ್ಟೋರು ಯಾರು? ಅವತ್ತು ಬಾವುಟ ಬಿತ್ತು, ಎಲ್ಲರೂ ಓಡಿದರು. 24 ವರ್ಷದ ಇಕ್ಸ್ ಮಾತ್ರ ಸಂಜೆ ವಾಕಿಂಗ್ ಹೊರಟವನ ಹಾಗೆ ನಡೆದುಕೊಂಡು ಹೋದ. ಕೂತ, ಬೆಲ್ಟು ಬಿಗಿಯಾಗಿ ಕಟ್ಟಿದ, ಎಲ್ಲರಿಗಿಂತ ಕೊನೆಗೆ ಹೊರಟ. ಆ ಮೊದಲ ಸುತ್ತಿನಲ್ಲೇ ಬೆಲ್ಟು ಕಟ್ಟದ ಜಾನ್ ವೂಲ್ಫ್ ಅನ್ನೋ ಡ್ರೈವರು ಅಪಘಾತದಲ್ಲಿ ಸತ್ತ. 24 ಗಂಟೆಯ ನಂತರ ಇಕ್ಸ್ ಮತ್ತು ಅವನ ಜೊತೆಗಾರ ಜಾಕಿ ಆಲಿವರ್ ಗೆದ್ದರು. ಅಂತರ ಸುಮಾರು 120 ಮೀಟರು ಅಷ್ಟೇ! ನಡೆದುಹೋದವನು ಓಡಿದವರನ್ನೆಲ್ಲ ಗೆದ್ದ. ಮರುವರ್ಷದಿಂದ ಆ ಓಟದ ಪದ್ಧತಿಯೇ ನಿಂತುಹೋಯ್ತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಇಕ್ಸ್ ಮಾಮೂಲಿ ರಸ್ತೆಯಲ್ಲಿ ಪ್ಯಾರಿಸ್‌ಗೆ ಹೊರಟಿದ್ದ. ದಾರಿಯಲ್ಲಿ ಇನ್ನೊಂದು ಕಾರು ಅಡ್ಡ ಬಂತು. ಇಕ್ಸ್‌ನ ಕಾರು ಕಂಬಕ್ಕೆ ಬಡಿದು ನುಜ್ಜುಗುಜ್ಜಾಯ್ತು. ಬೆಲ್ಟು ಬಿಚ್ಚಿ, ಬಾಗಿಲು ತೆಗೆದು, ಒಂದು ಗೀರೂ ಇಲ್ಲದೆ ಇಳಿದು ಬಂದ.

ಜಗತ್ತಿನ ಅತಿ ಕಠಿಣ ರೇಸನ್ನು ನಿನ್ನೆಯಷ್ಟೇ ಗೆದ್ದವನಿಗೆ ಇವತ್ತು ಮಾಮೂಲಿ ರಸ್ತೆಯಲ್ಲಿ ಬೆಲ್ಟು ಬೇಕಾಯ್ತು ಮಿತ್ರರೇ. ರೇಸಿನ ರಸ್ತೆಯಲ್ಲಿ ಎದುರಿನಿಂದ ಲಾರಿ ಬರೋಲ್ಲ, ಎಮ್ಮೆ ಅಡ್ಡ ಬರೋಲ್ಲ, ಶಾಲೆ ಬಿಟ್ಟ ಮಕ್ಕಳು ದಾಟೋಲ್ಲ. ನಮ್ಮ ರಸ್ತೆಯಲ್ಲಿ ಎಲ್ಲವೂ ಬರುತ್ತೆ. ಫಸ್ಟ್ ಶೋ ಬಿಟ್ಟ ಮೇಲೆ ಹೆಲ್ಮೆಟ್ ಇಲ್ಲದೆ ಬೈಕಿನ ಮುಂಗಾಲಿ ಎತ್ತೋ ತಮ್ಮಂದಿರಿಗೆ ಇಷ್ಟೇ ಹೇಳೋದು: ಅದು ರೇಸಲ್ಲ. ರೇಸಿನವರು ಯಾರೂ ಹಾಗೆ ಮಾಡಲ್ಲ.

ದಾವಣಗೆರೆ ಮಿತ್ರರೇ, ಇಬ್ಬರೂ ಗೆದ್ದಿಲ್ಲ, ಇಬ್ಬರೂ ಸೋತಿಲ್ಲ. ಅರ್ಧರ್ಧ ದುಡ್ಡು ಹಾಕಿ ಬೆಣ್ಣೆ ದೋಸೆ ತಿನ್ನಿ. ಹೋಟೆಲಿಗೆ ಬೈಕಿನಲ್ಲಿ ಹೋಗೋದಾದರೆ ತಲೆಗಳು ಎರಡು, ಹೆಲ್ಮೆಟ್ಟೂ ಎರಡು. ಮರೀಬೇಡಿ.